ಪೆನಾಲ್ಟಿ ತಪ್ಪಿದ ಆಟಗಾರ ಇಂಗ್ಲೆಂಡ್ ತಂಡದ ಗುರುವಾದ ಬಗೆ

1996ರ ಜೂನ್ 26ರ ರಾತ್ರಿ. ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಯೂರೊ ಫುಟ್‌ಬಾಲ್ ಚಾಂಪಿಯನ್‌ಷಿಪ್‌ನ ಸೆಮಿಫೈನಲ್. ಆತಿಥೇಯ ಇಂಗ್ಲೆಂಡ್ ಹಾಗೂ ಜರ್ಮನಿ ತಂಡಗಳು ಹೆಚ್ಚುವರಿ ಅವಧಿ ಮುಗಿದ ಬಳಿಕವೂ 1-1 ಗೋಲುಗಳಿಂದ ಸಮಬಲದಲ್ಲಿದ್ದವು. ಬಳಿಕ ನಡೆದ ಪೆನಾಲ್ಟಿ ಶೂಟೌಟ್‌ನಲ್ಲಿ ಎರಡೂ ಕಡೆಯ ಐದೈದು ಮಂದಿ ಗುರಿ ತಪ್ಪಲಿಲ್ಲ. ಆರನೆಯವರಾಗಿ ಇಂಗ್ಲೆಂಡ್ ಪರ ಮೈದಾನದ ನಡುಗೆರೆಯಿಂದ ಚೆಂಡಿನತ್ತ ನಡೆದು ಬಂದವರು 25 ವರ್ಷ ವಯಸ್ಸಿನ ರಕ್ಷಣಾ ಆಟಗಾರ ಗ್ಯಾರೆತ್ ಸೌತ್‌ಗೇಟ್.

ಅವರ ಒದೆತಕ್ಕೆ ವೇಗವೂ ಇರಲಿಲ್ಲ, ಗೋಲಿನ ಮೂಲೆ ಸೇರುವಷ್ಟು ಓರೆಯೂ ಇರಲಿಲ್ಲ. ಜರ್ಮನಿಯ ಗೋಲ್‌ಕೀಪರ್ ಆಂಡ್ರಿಯಾಸ್ ಕೊಪ್ಕೆ ಜಿಗಿದು ಅದನ್ನು ತಡೆದರು. ಮರುಕ್ಷಣ ಆಂಡ್ರಿಯಾಸ್ ಮೊಲ್ಲರ್ ಗೋಲು ಹೊಡೆದರು. ಜರ್ಮನಿ ಫೈನಲ್ ತಲುಪಿತು, ಪ್ರಶಸ್ತಿಯನ್ನೂ ಗೆದ್ದಿತು. ಇಂಗ್ಲೆಂಡಿನ ಕೋಟ್ಯಂತರ ಜನರ ನೆನಪಿನಲ್ಲಿ ಆ ಬೇಸಿಗೆಯಿಂದ ಉಳಿದದ್ದು ತಲೆ ತಗ್ಗಿಸಿ ನಿಂತ ಸೌತ್‌ಗೇಟ್ ಚಿತ್ರ.

ಇಪ್ಪತ್ತು ವರ್ಷಗಳ ನಂತರ, 2016ರಲ್ಲಿ, ಅದೇ ವ್ಯಕ್ತಿಯನ್ನು ಇಂಗ್ಲೆಂಡ್ ತನ್ನ ರಾಷ್ಟ್ರೀಯ ತಂಡದ ಮ್ಯಾನೇಜರ್ ಆಗಿ ನೇಮಿಸಿತು. 2024ರ ಜುಲೈನಲ್ಲಿ ಹುದ್ದೆ ತ್ಯಜಿಸುವ ವೇಳೆಗೆ ಅವರು 102 ಪಂದ್ಯಗಳಲ್ಲಿ ತಂಡದ ಹೊಣೆ ಹೊತ್ತಿದ್ದರು. ಎರಡು ಬಾರಿ ಯೂರೊ ಫೈನಲ್‌ಗೂ, ಒಮ್ಮೆ ವಿಶ್ವಕಪ್ ಸೆಮಿಫೈನಲ್‌ಗೂ ತಂಡವನ್ನು ಕೊಂಡೊಯ್ದಿದ್ದರು. ಟ್ರೋಫಿ ಮಾತ್ರ ಕೈಗೆ ಬರಲಿಲ್ಲ. ಸೋಲಿನ ಗುರುತಾಗಿದ್ದ ಆಟಗಾರನೊಬ್ಬ ಈ ಹುದ್ದೆಗೆ ಹೇಗೆ ತಲುಪಿದ, ತಲುಪಿದ ಮೇಲೆ ತನ್ನ ಆ ಹಳೆಯ ಸೋಲನ್ನು ಏನು ಮಾಡಿಕೊಂಡ ಎಂಬುದು ತಿಳಿಯಬೇಕಾದ ಸಂಗತಿ.

ಮೃದು ಸ್ವಭಾವದ ನಾಯಕ

1970ರ ಸೆಪ್ಟೆಂಬರ್ 3ರಂದು ಲಂಡನ್ನಿನ ಸಮೀಪದ ವ್ಯಾಟ್‌ಫರ್ಡ್‌ನಲ್ಲಿ ಜನಿಸಿದ ಸೌತ್‌ಗೇಟ್ ವೃತ್ತಿ ಆರಂಭಿಸಿದ್ದು ದಕ್ಷಿಣ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಕ್ಲಬ್ಬಿನಲ್ಲಿ. ಅಲ್ಲಿನ ಕಿರಿಯರ ತಂಡದ ತರಬೇತುದಾರ ಅಲನ್ ಸ್ಮಿತ್ ಅವರಿಗೆ ಈ ಹುಡುಗನ ಸೌಮ್ಯ ಸ್ವಭಾವ ಹಿಡಿಸಿರಲಿಲ್ಲ. ಫುಟ್‌ಬಾಲ್ ಬಿಟ್ಟು ಟ್ರಾವೆಲ್ ಏಜೆಂಟ್ ಆಗುವುದೇ ಒಳಿತೆಂದು ಅವರು ಚುಚ್ಚಿ ಹೇಳಿದ್ದ ಮಾತು ಇಂಗ್ಲೆಂಡಿನ ಕ್ರೀಡಾ ವಲಯದಲ್ಲಿ ಇಂದಿಗೂ ಪ್ರಚಲಿತ. ಅದೇ ಸ್ಮಿತ್ ಮುಂದೆ ಹಿರಿಯರ ತಂಡದ ಮ್ಯಾನೇಜರ್ ಆದಾಗ ಸೌತ್‌ಗೇಟ್ ಅವರನ್ನು ನಾಯಕನನ್ನಾಗಿ ಮಾಡಿದರು. 1994ರಲ್ಲಿ ಪ್ಯಾಲೇಸ್ ಎರಡನೆಯ ಸ್ತರದ ಲೀಗ್ ಗೆದ್ದು ಪ್ರೀಮಿಯರ್ ಲೀಗ್‌ಗೆ ಬಡ್ತಿ ಪಡೆಯಿತು.

1995ರಲ್ಲಿ ಬರ್ಮಿಂಗ್‌ಹ್ಯಾಂನ ಆಸ್ಟನ್ ವಿಲ್ಲಾ, 2001ರಲ್ಲಿ ಈಶಾನ್ಯ ಇಂಗ್ಲೆಂಡಿನ ಮಿಡಲ್ಸ್‌ಬ್ರೊ. ಆಟಗಾರನಾಗಿ ಅವರ ಪಯಣ ಇಷ್ಟೇ. ಮ್ಯಾಂಚೆಸ್ಟರ್ ಯುನೈಟೆಡ್, ಲಿವರ್‌ಪೂಲ್, ಆರ್ಸೆನಲ್‌ನಂಥ ದೊಡ್ಡ ಹೆಸರುಗಳು ಈ ಪಟ್ಟಿಯಲ್ಲಿಲ್ಲ. ಆದರೂ ರಾಷ್ಟ್ರೀಯ ತಂಡದ ಪರ 57 ಪಂದ್ಯಗಳನ್ನಾಡಿದರು. ಮಿಡಲ್ಸ್‌ಬ್ರೊ ಕ್ಲಬ್ 1876ರಲ್ಲಿ ಸ್ಥಾಪನೆಯಾದ ನಂತರ ಗೆದ್ದ ಮೊದಲ ಪ್ರಮುಖ ಟ್ರೋಫಿಯಾದ 2004ರ ಲೀಗ್ ಕಪ್ಪನ್ನು ಎತ್ತಿ ಹಿಡಿದ ನಾಯಕ ಅವರೇ.

1996ರ ಆ ಒದೆತದ ಹಿನ್ನೆಲೆಯನ್ನೂ ಇಲ್ಲಿ ಹೇಳಬೇಕು. ಸೌತ್‌ಗೇಟ್ ಪೆನಾಲ್ಟಿ ಹೊಡೆಯುವ ರೂಢಿಯ ಆಟಗಾರರೇ ಆಗಿರಲಿಲ್ಲ. ಅದಕ್ಕೆ ಮೊದಲು ವೃತ್ತಿಪರ ಪಂದ್ಯಗಳಲ್ಲಿ ಅವರು ಹೊಡೆದಿದ್ದುದು ಒಂದೇ ಒಂದು ಪೆನಾಲ್ಟಿ. ಅದೂ ಗೋಲುಕಂಬಕ್ಕೆ ಬಡಿದಿತ್ತು. ಮ್ಯಾನೇಜರ್ ಟೆರಿ ವೆನೆಬಲ್ಸ್ ಕೇಳಿದಾಗ ಹಿಂಜರಿಯದೆ ಒಪ್ಪಿಕೊಂಡದ್ದಷ್ಟೇ ಅವರ ಅರ್ಹತೆ. ಮೊದಲ ಐವರ ಹೆಸರು ಸ್ಪಷ್ಟವಿತ್ತು. ಆರನೆಯವರು ಯಾರು ಎಂಬ ಪ್ರಶ್ನೆಗೆ ಯಾರೂ ಮುಂಚಿತವಾಗಿ ತಲೆ ಕೆಡಿಸಿಕೊಂಡಿರಲಿಲ್ಲ. ಜೋರಾಗಿ ಒದ್ದುಬಿಡಬಾರದಿತ್ತೇ ಎಂದು ಅವರ ತಾಯಿಯೇ ಬಳಿಕ ಕೇಳಿದರಂತೆ. ದೇಶಕ್ಕೆ ದೇಶವೇ ಕೇಳುತ್ತಿದ್ದ ಪ್ರಶ್ನೆಯೂ ಅದೇ ಆಗಿತ್ತು.

ಕೆಲವೇ ತಿಂಗಳಲ್ಲಿ ಅವರು ಪಿಜ್ಜಾ ಹಟ್ ಕಂಪೆನಿಯ ಟಿವಿ ಜಾಹೀರಾತಿನಲ್ಲಿ ಮುಖಕ್ಕೆ ಕಾಗದದ ಚೀಲ ಹಾಕಿಕೊಂಡು ಕಾಣಿಸಿಕೊಂಡರು. ಪಕ್ಕದಲ್ಲಿ ಕುಳಿತು ಕೀಟಲೆ ಮಾಡುತ್ತಿದ್ದವರು ಸ್ಟುವರ್ಟ್ ಪಿಯರ್ಸ್ ಮತ್ತು ಕ್ರಿಸ್ ವಾಡಲ್. 1990ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಪಶ್ಚಿಮ ಜರ್ಮನಿಯ ಎದುರು ಪೆನಾಲ್ಟಿ ತಪ್ಪಿದ್ದ ಇಬ್ಬರು! ತನ್ನ ನೋವನ್ನು ತಾನೇ ನಗೆಪಾಟಲು ಮಾಡಿಕೊಂಡರೆ ಹಗುರಾದೀತು ಎಂಬ ಲೆಕ್ಕವಿದ್ದಿರಬಹುದು. ಆದರೆ ಆ ಜಾಹೀರಾತು ಅವರ ಬೆನ್ನು ಬಿಡದ ಇನ್ನೊಂದು ನೆರಳಾಯಿತೆಂಬುದೇ ವಾಸ್ತವ.

ಪರವಾನಗಿ ಇಲ್ಲದ ಮ್ಯಾನೇಜರ್

2006ರ ಮೇ 10ರಂದು ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಯುಯೆಫಾ ಕಪ್ ಫೈನಲ್. ಸ್ಪೇನಿನ ಸೆವಿಲ್ಲಾ ತಂಡದ ಎದುರು ಮಿಡಲ್ಸ್‌ಬ್ರೊ 0-4ರಿಂದ ಸೋತಿತು. ಆಟಗಾರನಾಗಿ ಸೌತ್‌ಗೇಟ್ ಅವರಿಗೆ ಅದೇ ಕೊನೆಯ ಪಂದ್ಯ. ಕ್ಲಬ್ಬಿನ ಮ್ಯಾನೇಜರ್ ಸ್ಟೀವ್ ಮೆಕ್ಲಾರೆನ್ ಇಂಗ್ಲೆಂಡ್ ತಂಡದ ಹೊಣೆ ಹೊರಲು ಹೊರಟಿದ್ದರು. ತೆರವಾದ ಕುರ್ಚಿಗೆ 35 ವರ್ಷದ ನಾಯಕನನ್ನೇ ಕೂರಿಸಲಾಯಿತು. ನಿನ್ನೆಯವರೆಗೆ ಜತೆಯಲ್ಲಿ ಬಟ್ಟೆ ಬದಲಾಯಿಸುತ್ತಿದ್ದ ಗೆಳೆಯರನ್ನು ಇಂದು ತಂಡದಿಂದ ಕೈಬಿಡುವ ಕೆಲಸ!

ಇಲ್ಲೊಂದು ತಾಂತ್ರಿಕ ತೊಡಕು ಎದುರಾಯಿತು. ಯೂರೋಪಿನಲ್ಲಿ ಫುಟ್‌ಬಾಲ್ ತರಬೇತುದಾರರಾಗಲು ಬಿ, ಎ ಹಾಗೂ ಪ್ರೊ ಎಂಬ ಮೆಟ್ಟಿಲುಗಳ ಪರವಾನಗಿ ಪದ್ಧತಿಯಿದೆ. ಪ್ರೀಮಿಯರ್ ಲೀಗ್ ತಂಡವನ್ನು ನಡೆಸುವವರು ಅತ್ಯುನ್ನತವಾದ ಪ್ರೊ ಪರವಾನಗಿ ಪಡೆದಿರಬೇಕೆಂಬುದು ನಿಯಮ. ಆಡುತ್ತಲೇ ಮ್ಯಾನೇಜರ್ ಹುದ್ದೆಗೆ ಏರಿದ ಸೌತ್‌ಗೇಟ್ ಬಳಿ ಅದಿರಲಿಲ್ಲ. ಮ್ಯಾನೇಜರುಗಳ ಸಂಘ ಆಕ್ಷೇಪವೆತ್ತಿತು. ಅಂತಿಮವಾಗಿ ಕೆಲಸ ಮಾಡುತ್ತಲೇ ಕಲಿಯಲು ಅವರಿಗೆ ವಿಶೇಷ ರಿಯಾಯಿತಿ ದೊರೆಯಿತು. ಒಳ್ಳೆಯ ಆಟಗಾರ ತಾನಾಗಿಯೇ ಒಳ್ಳೆಯ ಗುರುವಾಗುತ್ತಾನೆ ಎಂಬ ಹಳೆಯ ನಂಬಿಕೆಗೂ, ಗುರುತನವೂ ಕಲಿತು ಬರಬೇಕಾದ ವಿದ್ಯೆ ಎಂಬ ಹೊಸ ನಿಲುವಿಗೂ ನಡುವಿನ ಜಗ್ಗಾಟ ಅದು.

ಹೊಸ ನಿಲುವೇ ಸರಿ ಎಂಬಂತೆ ಫಲಿತಾಂಶಗಳು ಬಂದವು. ಮೊದಲ ವರ್ಷ 12ನೆಯ ಸ್ಥಾನ, ಎರಡನೆಯ ವರ್ಷ 13ನೆಯ ಸ್ಥಾನ. 2009ರಲ್ಲಿ 19ನೆಯ ಸ್ಥಾನಕ್ಕೆ ಕುಸಿದು ಕೆಳಗಿನ ಲೀಗ್‌ಗೆ ಹಿಂಬಡ್ತಿ. ಅದೇ ವರ್ಷದ ಅಕ್ಟೋಬರ್ 20ರಂದು ಡರ್ಬಿ ಕೌಂಟಿಯನ್ನು 2-0ರಿಂದ ಸೋಲಿಸಿದ ಕೆಲವೇ ಗಂಟೆಗಳಲ್ಲಿ ಸೌತ್‌ಗೇಟ್ ಅವರನ್ನು ವಜಾ ಮಾಡಲಾಯಿತು. ಆಗ ತಂಡ ಅಗ್ರಸ್ಥಾನಕ್ಕಿಂತ ಕೇವಲ ಒಂದು ಅಂಕ ಹಿಂದಿತ್ತು. ಗೆದ್ದ ರಾತ್ರಿಯೇ ಕೆಲಸ ಕಳೆದುಕೊಂಡ ಮ್ಯಾನೇಜರುಗಳು ಅಪರೂಪ. ಬಳಿಕ ಮತ್ತಾವ ಕ್ಲಬ್ಬಿನ ಹೊಣೆಯನ್ನೂ ಅವರು ಹೊರಲಿಲ್ಲವೆಂಬುದು ಗಮನಾರ್ಹ.

ಕಡತಗಳ ನಡುವೆ

ಕೆಲಕಾಲ ಟಿವಿಯಲ್ಲಿ ಪಂದ್ಯ ವಿಶ್ಲೇಷಣೆ ಮಾಡುತ್ತಿದ್ದ ಅವರು 2011ರಲ್ಲಿ ಇಂಗ್ಲೆಂಡ್ ಫುಟ್‌ಬಾಲ್ ಸಂಸ್ಥೆಯಲ್ಲಿ ಪ್ರತಿಭಾ ಅಭಿವೃದ್ಧಿ ವಿಭಾಗದ ಮುಖ್ಯಸ್ಥರಾದರು. ಸುದ್ದಿಯಾಗುವ ಹುದ್ದೆಯಲ್ಲ, ಸಭೆ, ವರದಿ, ಓಡಾಟಗಳೇ ಹೆಚ್ಚು. ಎಂಟು ಹತ್ತು ವರ್ಷದ ಮಕ್ಕಳನ್ನು ದೊಡ್ಡವರ ಅಳತೆಯ ಮೈದಾನದಲ್ಲಿ ದೊಡ್ಡ ಗೋಲಿನ ಮುಂದೆ ಆಡಿಸುವ ಪದ್ಧತಿ ಅಲ್ಲಿ ಬೇರೂರಿತ್ತು. ಅಂಥ ಮೈದಾನದಲ್ಲಿ ಬಲಶಾಲಿ ಹುಡುಗ ಉದ್ದಕ್ಕೆ ಒದೆಯುತ್ತಾನೆ, ವೇಗದ ಹುಡುಗ ಓಡುತ್ತಾನೆ. ಚೆಂಡನ್ನು ಕಾಲಿನಲ್ಲಿ ಹಿಡಿದು ಆಡುವ ಪುಟ್ಟ ಹುಡುಗನಿಗೆ ಚೆಂಡೇ ಸಿಗುವುದಿಲ್ಲ. ಕಿರಿಯರಿಗೆ ಕಿರಿದಾದ ಮೈದಾನ, ಕಡಿಮೆ ಆಟಗಾರರ ತಂಡ ಬೇಕೆಂಬ ಸುಧಾರಣೆ 2012ರಲ್ಲಿ ಅಂಗೀಕಾರವಾಯಿತು. ಅದರ ಪರವಾಗಿ ಊರೂರು ಸುತ್ತಿ ವಾದಿಸಿದವರಲ್ಲಿ ಸೌತ್‌ಗೇಟ್ ಒಬ್ಬರು.

2013ರಲ್ಲಿ ಅವರಿಗೆ 21 ವರ್ಷದೊಳಗಿನವರ ತಂಡ ವಹಿಸಲಾಯಿತು. 2015ರ ಯೂರೊ ಕಿರಿಯರ ಚಾಂಪಿಯನ್‌ಷಿಪ್‌ನಲ್ಲಿ ಈ ತಂಡ ಗುಂಪಿನ ಹಂತದಲ್ಲೇ ಹೊರಬಿದ್ದರೆ, 2016ರಲ್ಲಿ ಫ್ರಾನ್ಸಿನ ತೂಲೋನ್ ಟೂರ್ನಿ ಗೆದ್ದಿತು. ಅಂಕಿಅಂಶಗಳಿಗಿಂತ ಮಿಗಿಲಾದ ಲಾಭವೊಂದಿತ್ತು: ಮುಂದೆ ಹಿರಿಯರ ತಂಡದಲ್ಲಿ ಆಡಲಿದ್ದ ಹ್ಯಾರಿ ಕೇನ್, ಜಾನ್ ಸ್ಟೋನ್ಸ್, ಜೋರ್ಡನ್ ಪಿಕ್‌ಫರ್ಡ್ ಮೊದಲಾದವರು ಹುಡುಗರಾಗಿದ್ದಾಗಲೇ ಅವರ ಕೈಕೆಳಗೆ ಆಡಿದರು.

ಆ ಸುಧಾರಣೆಗಳ ಕಾಲದಲ್ಲಿ ಬೆಳೆದ ಹುಡುಗರನ್ನು ಭಾರತದ ಪ್ರೇಕ್ಷಕರೂ ಕಣ್ಣಾರೆ ಕಂಡಿದ್ದಾರೆ. 2017ರಲ್ಲಿ ಭಾರತದಲ್ಲಿ ನಡೆದ 17 ವರ್ಷದೊಳಗಿನವರ ವಿಶ್ವಕಪ್ಪನ್ನು ಗೆದ್ದದ್ದು ಇಂಗ್ಲೆಂಡ್. ಅಕ್ಟೋಬರ್ 28ರಂದು ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಸ್ಪೇನ್ ವಿರುದ್ಧ ಎರಡು ಗೋಲುಗಳ ಹಿನ್ನಡೆಯಿಂದ ಎದ್ದು 5-2ರಿಂದ ಜಯಿಸಿದ ಆ ತಂಡದಲ್ಲಿ ಫಿಲ್ ಫೋಡೆನ್, ಮಾರ್ಕ್ ಗೇಹಿ, ಕಾನರ್ ಗ್ಯಾಲಗರ್ ಇದ್ದರು. ಮೂವರೂ 2024ರ ಯೂರೊದಲ್ಲಿ ಸೌತ್‌ಗೇಟ್ ತಂಡದ ಸದಸ್ಯರು. ಆ ವಿಶ್ವಕಪ್ಪಿನ ಆರು ನಗರಗಳಲ್ಲಿ ಬೆಂಗಳೂರು ಇರಲಿಲ್ಲವೆಂಬ ಕೊರಗು ನಮ್ಮ ಫುಟ್‌ಬಾಲ್ ಪ್ರಿಯರಿಗೆ ಉಳಿದೇ ಇದೆ.

ಬೆಂಗಳೂರಿನ ಓದುಗರಿಗೆ ಈ ಹಾದಿ ಅಪರಿಚಿತವಾಗಿ ತೋರಲಾರದು. 2007ರ ವಿಶ್ವಕಪ್‌ನಲ್ಲಿ ಮೊದಲ ಸುತ್ತಿನಲ್ಲೇ ಮುಗ್ಗರಿಸಿದ ಭಾರತ ಕ್ರಿಕೆಟ್ ತಂಡದ ನಾಯಕರಾಗಿದ್ದವರು ರಾಹುಲ್ ದ್ರಾವಿಡ್. ಆಟ ಬಿಟ್ಟ ಮೇಲೆ ಅವರು ಹಿಡಿದದ್ದೂ ಕಿರಿಯರ ದಾರಿಯನ್ನೇ. 19 ವರ್ಷದೊಳಗಿನವರ ತಂಡ, ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ, ನಂತರ ಹಿರಿಯರ ತಂಡ. 2024ರ ಜೂನ್ 29ರಂದು ಅದೇ ವೆಸ್ಟ್ ಇಂಡೀಸ್ ನೆಲದಲ್ಲಿ ಅವರ ತಂಡ ಟಿ20 ವಿಶ್ವಕಪ್ ಎತ್ತಿತು. ಸೌತ್‌ಗೇಟ್ ಕಥೆಗೆ ಅಂಥ ಮುಕ್ತಾಯ ಸಿಗಲಿಲ್ಲ.

ಯಾರಿಗೂ ಬೇಡವಾದ ಹುದ್ದೆ

2016ರ ಜೂನ್ 27ರಂದು ಯೂರೊ ಟೂರ್ನಿಯಲ್ಲಿ ಪುಟ್ಟ ದ್ವೀಪರಾಷ್ಟ್ರ ಐಸ್‌ಲೆಂಡ್ ಎದುರು ಇಂಗ್ಲೆಂಡ್ 1-2ರಿಂದ ಸೋತು ಹೊರಬಿತ್ತು. ರಾಯ್ ಹಾಡ್ಸನ್ ಅಂದೇ ರಾಜೀನಾಮೆ ನೀಡಿದರು. ಉತ್ತರಾಧಿಕಾರಿ ಸ್ಯಾಮ್ ಅಲ್ಲರ್‌ಡೈಸ್ ಪತ್ರಿಕೆಯೊಂದರ ಮಾರುವೇಷದ ಕಾರ್ಯಾಚರಣೆಯಲ್ಲಿ ಸಿಕ್ಕಿಬಿದ್ದು 67 ದಿನಗಳಲ್ಲಿ, ಒಂದೇ ಪಂದ್ಯದ ನಂತರ ನಿರ್ಗಮಿಸಿದರು. ಸಂಸ್ಥೆಯೊಳಗೇ ಇದ್ದ, ವಿವಾದಗಳಿಲ್ಲದ ಸೌತ್‌ಗೇಟ್ ಅವರನ್ನು ನಾಲ್ಕು ಪಂದ್ಯಗಳಿಗೆ ಹಂಗಾಮಿಯಾಗಿ ನೇಮಿಸಲಾಯಿತು. ನವೆಂಬರ್ 30ರಂದು ನೇಮಕ ಕಾಯಂ ಆಯಿತು. ಇದು ಮಹತ್ವಾಕಾಂಕ್ಷೆಯ ಆಯ್ಕೆಯಲ್ಲ, ಬೇರೆ ದಾರಿಯಿಲ್ಲದ ಆಯ್ಕೆ ಎಂಬುದೇ ಅಂದಿನ ಸಾಮಾನ್ಯ ಅಭಿಪ್ರಾಯವಾಗಿತ್ತು.

ಕ್ಲಬ್ ಮ್ಯಾನೇಜರ್ ಹಾಗೂ ರಾಷ್ಟ್ರೀಯ ತಂಡದ ಮ್ಯಾನೇಜರ್ ಕೆಲಸಗಳ ವ್ಯತ್ಯಾಸವನ್ನು ಇಲ್ಲಿ ಗಮನಿಸಬೇಕು. ಕ್ಲಬ್ಬಿನಲ್ಲಿ ಆಟಗಾರರು ಪ್ರತಿದಿನ ಕಣ್ಣೆದುರಿಗೆ ಇರುತ್ತಾರೆ; ಕೊರತೆಯಿದ್ದರೆ ಹಣ ಕೊಟ್ಟು ಹೊಸಬರನ್ನು ತರಬಹುದು. ರಾಷ್ಟ್ರೀಯ ತಂಡದ ಮ್ಯಾನೇಜರ್‌ಗೆ ಆಟಗಾರರು ದೊರೆಯುವುದು ವರ್ಷದಲ್ಲಿ ಕೆಲವು ವಾರ ಮಾತ್ರ. ದೇಶದಲ್ಲಿ ಒಳ್ಳೆಯ ಎಡಗಾಲಿನ ರಕ್ಷಣಾ ಆಟಗಾರನಿಲ್ಲದಿದ್ದರೆ ಇಲ್ಲ, ಅಷ್ಟೆ. ಹಾಗಾಗಿ ಇಲ್ಲಿ ಆಟದ ತಂತ್ರಕ್ಕಿಂತ ಆಯ್ಕೆ, ಮನಸ್ಸು, ವಾತಾವರಣಗಳಿಗೆ ಹೆಚ್ಚಿನ ಬೆಲೆ. ಮಿಡಲ್ಸ್‌ಬ್ರೊದಲ್ಲಿ ಎಡವಿದ ಸೌತ್‌ಗೇಟ್ ಇಂಗ್ಲೆಂಡ್ ತಂಡದಲ್ಲಿ ಏಕೆ ನೆಲೆಯೂರಿದರೆಂಬ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಇಲ್ಲಿದೆ.

2000ದ ದಶಕದ ಇಂಗ್ಲೆಂಡ್ ತಂಡದಲ್ಲಿ ಹೆಸರುವಾಸಿಗಳಿಗೆ ಬರವಿರಲಿಲ್ಲ. ಆದರೆ ಮ್ಯಾಂಚೆಸ್ಟರ್ ಯುನೈಟೆಡ್, ಚೆಲ್ಸಿ, ಲಿವರ್‌ಪೂಲ್ ಆಟಗಾರರು ಊಟದ ಮೇಜಿನಲ್ಲೂ ತಮ್ಮ ತಮ್ಮ ಗುಂಪುಗಳಲ್ಲೇ ಕೂರುತ್ತಿದ್ದರೆಂದು ರಿಯೋ ಫರ್ಡಿನಂಡ್, ಸ್ಟೀವನ್ ಜೆರಾರ್ಡ್, ಫ್ರಾಂಕ್ ಲ್ಯಾಂಪಾರ್ಡ್ ಅವರೇ ನಂತರ ಒಪ್ಪಿಕೊಂಡಿದ್ದಾರೆ. ಸೌತ್‌ಗೇಟ್ ಮನಃಶಾಸ್ತ್ರಜ್ಞೆ ಪಿಪ್ಪಾ ಗ್ರೇಂಜ್ ಅವರ ನೆರವು ಪಡೆದರು. ಆಟಗಾರರನ್ನು ಪುಟ್ಟ ಗುಂಪುಗಳಲ್ಲಿ ಕೂರಿಸಿ ಬಾಲ್ಯ, ಕುಟುಂಬ, ಭಯಗಳ ಬಗ್ಗೆ ಮಾತನಾಡಿಸಲಾಯಿತು. ಇದೇ ಸೌಮ್ಯ ಮನುಷ್ಯ ನಾಯಕ ವೇಯ್ನ್ ರೂನಿ ಅವರನ್ನು ಬೆಂಚಿನಲ್ಲಿ ಕೂರಿಸಿ, ಕ್ರಮೇಣ ಕೈಬಿಟ್ಟರು. ಗೋಲ್‌ಕೀಪರ್ ಜೋ ಹಾರ್ಟ್ ಅವರಿಗೆ 2018ರ ವಿಶ್ವಕಪ್ ತಂಡದಲ್ಲಿ ಸ್ಥಾನ ನೀಡಲಿಲ್ಲ. ಟ್ರಾವೆಲ್ ಏಜೆಂಟ್ ಆಗು ಎಂದಿದ್ದವರಿಗೆ ಇದಕ್ಕಿಂತ ಉತ್ತರ ಬೇಕಿರಲಿಲ್ಲ.

ಅದೃಷ್ಟದಾಟವೇ ಪೆನಾಲ್ಟಿ?

2018ಕ್ಕೆ ಮುನ್ನ ಇಂಗ್ಲೆಂಡ್ ಪ್ರಮುಖ ಟೂರ್ನಿಗಳಲ್ಲಿ ಏಳು ಶೂಟೌಟ್‌ಗಳನ್ನು ಎದುರಿಸಿ ಆರರಲ್ಲಿ ಸೋತಿತ್ತು: 1990, 1996, 1998, 2004, 2006, 2012. ಗೆದ್ದದ್ದು 1996ರಲ್ಲಿ ಸ್ಪೇನ್ ವಿರುದ್ಧ ಮಾತ್ರ. ಪ್ರತಿ ಸೋಲಿನ ನಂತರವೂ ಪೆನಾಲ್ಟಿ ಎಂಬುದು ಲಾಟರಿ, ಅಭ್ಯಾಸ ಮಾಡಿ ಪ್ರಯೋಜನವಿಲ್ಲ ಎಂಬ ಸಮಾಧಾನ ಕೇಳಿಬರುತ್ತಿತ್ತು. ಲಾಟರಿಯಲ್ಲಿ ಏಳಕ್ಕೆ ಆರು ಬಾರಿ ಸೋಲುವವನು ಟಿಕೆಟ್ ಕೊಳ್ಳುವ ಕ್ರಮದಲ್ಲೇ ದೋಷವಿದೆಯೇ ಎಂದು ಯೋಚಿಸಬೇಡವೇ?

ನಾರ್ವೆಯ ಸಂಶೋಧಕ ಗೇರ್ ಯೋರ್ಡೆಟ್ ವರ್ಷಗಟ್ಟಲೆ ಶೂಟೌಟ್‌ಗಳ ದೃಶ್ಯಗಳನ್ನು ಅಭ್ಯಸಿಸಿದ್ದಾರೆ. ಇಂಗ್ಲೆಂಡಿನ ಆಟಗಾರರು ರೆಫರಿಯ ಸೀಟಿ ಕೇಳಿದ ಕೂಡಲೇ, ಇತರರಿಗಿಂತ ಅವಸರದಲ್ಲಿ ಒದ್ದುಬಿಡುತ್ತಾರೆ ಎಂಬುದು ಅವರ ಪ್ರಮುಖ ಗುರುತಿಸುವಿಕೆ. ಒತ್ತಡದ ಆ ಗಳಿಗೆ ಬೇಗ ಮುಗಿದರೆ ಸಾಕೆಂಬ ಹಂಬಲವೇ ಗುರಿ ತಪ್ಪಿಸುತ್ತದೆ ಎಂದರ್ಥ. 1996ರ ತನ್ನ ನಡಿಗೆಯನ್ನು ಸೌತ್‌ಗೇಟ್ ನೆನಪಿಸಿಕೊಂಡದ್ದೂ ಇದೇ ಬಗೆಯಲ್ಲಿ: ನಡುಗೆರೆಯಿಂದ ಚೆಂಡಿನವರೆಗಿನ ದೂರ ಸವೆಯದ ದಾರಿಯಂತೆ, ಒದೆತವಾದರೋ ಮುಗಿಸಿ ಓಡಬೇಕಾದ ಕೆಲಸದಂತೆ ತೋರಿತ್ತು.

2018ರ ರಷ್ಯಾ ವಿಶ್ವಕಪ್‌ಗೆ ತಿಂಗಳುಗಳ ಮೊದಲೇ ಸಿದ್ಧತೆ ಆರಂಭವಾಯಿತು. ಒತ್ತಡ ತಾಳುವ ಸ್ವಭಾವ ಯಾರಿಗಿದೆ ಎಂಬುದನ್ನು ಪರೀಕ್ಷೆಗಳ ಮೂಲಕ ಅಳೆದರು. ಪಂದ್ಯದ ಕೊನೆಯ ದಣಿವನ್ನೇ ಅನುಭವಿಸುವಂತೆ ಕಠಿಣ ಅಭ್ಯಾಸದ ಅಂತ್ಯದಲ್ಲಿ ಪೆನಾಲ್ಟಿ ಹೊಡೆಸಿದರು. ಒದೆತ ಒಂದನ್ನೇ ಅಲ್ಲ, ನಡುಗೆರೆಯಿಂದ ಚೆಂಡಿನವರೆಗಿನ ನಡಿಗೆಯನ್ನೂ ಅಭ್ಯಾಸ ಮಾಡಿಸಿದರು. ಸೀಟಿಯ ನಂತರ ಒಂದು ಉಸಿರು ಎಳೆದುಕೊಳ್ಳುವುದು, ಚೆಂಡನ್ನು ಗೋಲ್‌ಕೀಪರ್ ಪಿಕ್‌ಫರ್ಡ್ ತಮ್ಮ ತಂಡದವನ ಕೈಗೇ ತಂದುಕೊಡುವುದು ಮೊದಲಾದ ಚಿಕ್ಕಪುಟ್ಟ ಸಂಗತಿಗಳೂ ಪಟ್ಟಿಯಲ್ಲಿದ್ದವು. ಯಾರ ನಂತರ ಯಾರು ಎಂಬ ಕ್ರಮ ಮೊದಲೇ ಸಿದ್ಧವಿತ್ತು. ಆರನೆಯವರು ಯಾರೆಂದು ಮೈದಾನದಲ್ಲಿ ಕೇಳಬೇಕಾದ ಪರಿಸ್ಥಿತಿ ಇನ್ನಿರಲಿಲ್ಲ.

ಜುಲೈ 3ರಂದು ಮಾಸ್ಕೊದಲ್ಲಿ ಪರೀಕ್ಷೆ ಎದುರಾಯಿತು. ಕೊಲಂಬಿಯಾ ವಿರುದ್ಧದ ಪಂದ್ಯ ಗೆದ್ದೇಬಿಟ್ಟಿತೆನ್ನುವಾಗ ಕೊನೆಯ ಗಳಿಗೆಯಲ್ಲಿ ಎದುರಾಳಿಗಳು ಸಮಬಲ ಸಾಧಿಸಿದರು. ಶೂಟೌಟ್‌ನಲ್ಲಿ ಜೋರ್ಡನ್ ಹೆಂಡರ್ಸನ್ ಅವರ ಒದೆತ ತಡೆಯಲ್ಪಟ್ಟಾಗ ಹಳೆಯ ಕಥೆಯೇ ಮರುಕಳಿಸುವಂತಿತ್ತು. ಆದರೆ ಮಟೆಯುಸ್ ಉರಿಬೆ ಚೆಂಡನ್ನು ಅಡ್ಡಪಟ್ಟಿಗೆ ಹೊಡೆದರು. ಕಾರ್ಲೋಸ್ ಬಾಕಾ ಒದೆತವನ್ನು ಪಿಕ್‌ಫರ್ಡ್ ತಡೆದರು. ಎರಿಕ್ ಡಯರ್ ಗೋಲು ಹೊಡೆದರು. 4-3ರ ಜಯ. ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ಗೆದ್ದ ಮೊತ್ತಮೊದಲ ಶೂಟೌಟ್ ಅದು. ತಮ್ಮ ಆಟಗಾರರು ಕುಣಿದಾಡುತ್ತಿದ್ದಾಗ ಸೌತ್‌ಗೇಟ್ ಎದುರಾಳಿ ಪಾಳೆಯದ ಉರಿಬೆಯನ್ನು ಅಪ್ಪಿ ಸಂತೈಸುತ್ತಿದ್ದ ಛಾಯಾಚಿತ್ರ ಜಗತ್ತಿನಾದ್ಯಂತ ಪ್ರಕಟವಾಯಿತು. ಆ ಹುಡುಗನ ಮುಂದಿನ ವರ್ಷಗಳು ಹೇಗಿರುತ್ತವೆಂಬುದನ್ನು ಆ ಮೈದಾನದಲ್ಲಿ ಅವರಷ್ಟು ಬಲ್ಲವರು ಇನ್ನಾರಿದ್ದರು?

ಕಾರ್ನರ್ ಹಾಗೂ ಫ್ರೀ ಕಿಕ್‌ಗಳಿಗೂ ಇದೇ ಬಗೆಯ ಸಿದ್ಧತೆ ನಡೆದಿತ್ತು. ಆ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ಹೊಡೆದ 12 ಗೋಲುಗಳಲ್ಲಿ ಒಂಬತ್ತು ಪೆನಾಲ್ಟಿಯೂ ಸೇರಿದಂತೆ ನಿಂತ ಚೆಂಡಿನಿಂದ ಬಂದವು. ಸೆಮಿಫೈನಲ್‌ನಲ್ಲಿ ಕ್ರೊಯೇಷ್ಯಾ ಎದುರು ಐದನೆಯ ನಿಮಿಷದಲ್ಲೇ ಮುನ್ನಡೆ ಪಡೆದ ತಂಡ ಹೆಚ್ಚುವರಿ ಅವಧಿಯಲ್ಲಿ 1-2ರಿಂದ ಸೋತಿತು.

ಮತ್ತೆ ವೆಂಬ್ಲಿ

2021ರ ಜುಲೈ 11. ಕೊರೊನಾ ಕಾರಣದಿಂದ ಒಂದು ವರ್ಷ ಮುಂದೂಡಲ್ಪಟ್ಟ ಯೂರೊ 2020ರ ಫೈನಲ್, ಹಳೆಯದನ್ನು ಕೆಡವಿ ಕಟ್ಟಿದ ಹೊಸ ವೆಂಬ್ಲಿಯಲ್ಲಿ. 1966ರ ನಂತರ ಇಂಗ್ಲೆಂಡ್ ಪುರುಷರ ತಂಡ ತಲುಪಿದ ಮೊದಲ ಫೈನಲ್. ಎರಡನೆಯ ನಿಮಿಷದಲ್ಲಿ ಲೂಕ್ ಶಾ ಗೋಲು. ಬಳಿಕ ತಂಡ ನಿಧಾನವಾಗಿ ತನ್ನ ಗೋಲಿನತ್ತ ಸರಿಯುತ್ತ ಹೋಯಿತು. ಇಟಲಿ ಸಮಬಲ ಸಾಧಿಸಿತು. ಪಂದ್ಯ ಶೂಟೌಟ್‌ಗೆ ಹೋಯಿತು.

ಸೌತ್‌ಗೇಟ್ ಅವರ ವೃತ್ತಿಜೀವನದ ಅತ್ಯಂತ ಚರ್ಚಾಸ್ಪದ ತೀರ್ಮಾನ ಇಲ್ಲಿಯದು. ಅಭ್ಯಾಸದಲ್ಲಿ ಚೆನ್ನಾಗಿ ಹೊಡೆಯುತ್ತಿದ್ದರೆಂಬ ಕಾರಣಕ್ಕೆ ಮಾರ್ಕಸ್ ರ‍್ಯಾಶ್‌ಫರ್ಡ್ ಹಾಗೂ ಜೇಡನ್ ಸ್ಯಾಂಚೊ ಅವರನ್ನು 120ನೆಯ ನಿಮಿಷದಲ್ಲಿ ಪೆನಾಲ್ಟಿಗೆಂದೇ ಮೈದಾನಕ್ಕಿಳಿಸಿದರು. ಮೈ ಬಿಸಿಯಾಗದ, ಚೆಂಡನ್ನು ಸರಿಯಾಗಿ ಮುಟ್ಟಿರದ ಇಬ್ಬರು! ರ‍್ಯಾಶ್‌ಫರ್ಡ್ ಒದೆತ ಕಂಬಕ್ಕೆ ಬಡಿಯಿತು; ಸ್ಯಾಂಚೊ ಒದೆತವನ್ನು ಡೊನ್ನರುಮ್ಮ ತಡೆದರು. ಪಿಕ್‌ಫರ್ಡ್ ಎರಡು ಒದೆತ ತಡೆದು ತಂಡವನ್ನು ಜೀವಂತವಾಗಿಟ್ಟರು. ಐದನೆಯ, ನಿರ್ಣಾಯಕ ಒದೆತ 19 ವರ್ಷದ ಬುಕಾಯೊ ಸಾಕಾ ಅವರದು. ಅದೂ ತಡೆಯಲ್ಪಟ್ಟಿತು. ಲೆಕ್ಕಪತ್ರಗಳು ಏನೇ ಹೇಳಲಿ, ಆ ನಡಿಗೆಯ ಭಾರ ಬಲ್ಲವರೇ ತಂಡದ ಅತ್ಯಂತ ಕಿರಿಯರಲ್ಲೊಬ್ಬನ ಹೆಗಲಿಗೆ ಅದನ್ನು ಹೊರಿಸಿದರೆಂಬ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಪಟ್ಟಿ ಮಾಡಿದವನು ತಾನು, ಹೊಣೆಯೂ ತನ್ನದೇ ಎಂದು ಸೌತ್‌ಗೇಟ್ ಆ ರಾತ್ರಿಯೇ ಹೇಳಿದರು.

ಮುಂದಿನದು ಆಟದ ಎಲ್ಲೆ ಮೀರಿದ ಸಂಗತಿ. ಪೆನಾಲ್ಟಿ ತಪ್ಪಿದ ಮೂವರೂ ಕಪ್ಪು ವರ್ಣೀಯರು. ಅಂತರಜಾಲದಲ್ಲಿ ಅವರ ಮೇಲೆ ಜನಾಂಗೀಯ ನಿಂದನೆಯ ಮಳೆಯೇ ಸುರಿಯಿತು. ಮ್ಯಾಂಚೆಸ್ಟರ್‌ನಲ್ಲಿದ್ದ ರ‍್ಯಾಶ್‌ಫರ್ಡ್ ಅವರ ಗೋಡೆಚಿತ್ರವನ್ನು ವಿರೂಪಗೊಳಿಸಲಾಯಿತು. ಮರುದಿನ ಸ್ಥಳೀಯರು ಅದನ್ನು ಪ್ರೀತಿಯ ಚೀಟಿಗಳಿಂದ ಮುಚ್ಚಿದರು. ಟೂರ್ನಿಗೆ ಮುನ್ನವೇ, ಜನಾಂಗಭೇದ ವಿರೋಧಿಸಿ ಮೊಣಕಾಲೂರುತ್ತಿದ್ದ ಆಟಗಾರರನ್ನು ಸ್ವಂತ ಅಭಿಮಾನಿಗಳೇ ಕೂಗಿ ಅಣಕಿಸಿದಾಗ, ಸೌತ್‌ಗೇಟ್ ದೇಶವನ್ನು ಉದ್ದೇಶಿಸಿ ಬಹಿರಂಗ ಪತ್ರ ಬರೆದು ಆಟಗಾರರ ಬೆಂಬಲಕ್ಕೆ ನಿಂತಿದ್ದರು. ಫೈನಲ್ ನಂತರ ನಿಂದನೆಯನ್ನು ಅಕ್ಷಮ್ಯವೆಂದು ಖಂಡಿಸಿದರು. 1996ರಲ್ಲಿ ತಪ್ಪಿದ ಬಿಳಿಯ ಆಟಗಾರನಿಗೆ ಸಿಕ್ಕದ್ದು ಅಣಕ ಮತ್ತು ಜಾಹೀರಾತು. 2021ರಲ್ಲಿ ತಪ್ಪಿದವರಿಗೆ ಸಿಕ್ಕದ್ದು ಬೇರೆಯೇ. ಈ ಅಂತರವನ್ನು ಅವರಿಗಿಂತ ಹತ್ತಿರದಿಂದ ಕಂಡವರಿಲ್ಲ. ಆ ಪತ್ರದ ಸಂಬೋಧನೆಯನ್ನೇ ಶೀರ್ಷಿಕೆಯಾಗಿಸಿಕೊಂಡು ಜೇಮ್ಸ್ ಗ್ರಹಾಂ ಬರೆದ ನಾಟಕ 2023ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರ್‌ನಲ್ಲಿ ರಂಗವೇರಿತು.

ಕೊನೆಯ ಬೇಸಿಗೆ

2022 ಒಳ್ಳೆಯ ವರ್ಷವಾಗಿರಲಿಲ್ಲ. ಜೂನ್‌ನಲ್ಲಿ ಹಂಗೇರಿ ಎದುರು ತವರಿನಲ್ಲೇ 0-4ರ ಸೋಲು, ಪ್ರೇಕ್ಷಕರ ಧಿಕ್ಕಾರ. ಕತಾರ್ ವಿಶ್ವಕಪ್ ಕ್ವಾರ್ಟರ್‌ಫೈನಲ್‌ನಲ್ಲಿ ಫ್ರಾನ್ಸ್ ವಿರುದ್ಧ 1-2ರಿಂದ ಹಿಂದಿದ್ದಾಗ ನಾಯಕ ಕೇನ್ ಪೆನಾಲ್ಟಿಯನ್ನು ಅಡ್ಡಪಟ್ಟಿಯ ಮೇಲಿಂದ ಹಾರಿಸಿದರು. ತಂಡದಲ್ಲೇ ಅತ್ಯಂತ ನಂಬಿಕೆಯ ಕಾಲು ಅವರದು. ಸಿದ್ಧತೆಗೂ ಒಂದು ಎಲ್ಲೆಯಿದೆ.

2024ರ ಜರ್ಮನಿ ಯೂರೊದಲ್ಲಿ ತಂಡ ಮಂಕಾಗಿ ಆಡುತ್ತಲೇ ಮುನ್ನಡೆಯಿತು. ಸ್ಲೊವೇನಿಯಾ ವಿರುದ್ಧ ಗೋಲಿಲ್ಲದ ಡ್ರಾ ನಂತರ ಅಭಿಮಾನಿಗಳು ಮ್ಯಾನೇಜರ್‌ರತ್ತ ಪ್ಲಾಸ್ಟಿಕ್ ಲೋಟಗಳನ್ನೆಸೆದರು. ಸ್ಲೊವಾಕಿಯಾ ಎದುರು ಸೋಲಿನ ಅಂಚಿನಲ್ಲಿದ್ದಾಗ 95ನೆಯ ನಿಮಿಷದಲ್ಲಿ ಜೂಡ್ ಬೆಲಿಂಗ್‌ಹ್ಯಾಂ ತಲೆಯ ಮೇಲಿಂದ ಹಿಮ್ಮುಖವಾಗಿ ಒದ್ದು ಉಳಿಸಿದರು. ಪ್ರತಿಭಾವಂತರ ಇಂಥ ದಂಡಿನ ಕೈ ಕಟ್ಟಿ ಆಡಿಸುತ್ತಾರೆ, ಮುನ್ನಡೆ ಸಿಕ್ಕ ಕೂಡಲೇ ರಕ್ಷಣೆಗಿಳಿಯುತ್ತಾರೆ, ಬದಲಾವಣೆಗೆ ತಡಮಾಡುತ್ತಾರೆ ಎಂಬ ಟೀಕೆಗಳಿದ್ದವು. ಕ್ರೊಯೇಷ್ಯಾ ಹಾಗೂ ಇಟಲಿ ವಿರುದ್ಧದ ಪಂದ್ಯಗಳನ್ನು ನೆನೆದರೆ ಟೀಕೆಯಲ್ಲಿ ಹುರುಳಿಲ್ಲವೆನ್ನಲಾಗದು. ಬಿದ್ದ ಅನುಭವವಿರುವವನು ಹೆಜ್ಜೆಯನ್ನು ಗಟ್ಟಿಯಾಗಿ ಊರುತ್ತಾನೆ, ಆದರೆ ಜಿಗಿಯಲು ಅಂಜುತ್ತಾನೆ.

ಜುಲೈ 6ರಂದು ಡಸೆಲ್‌ಡಾರ್ಫ್‌ನಲ್ಲಿ ಸ್ವಿಟ್ಜರ್ಲೆಂಡ್ ವಿರುದ್ಧ ಕ್ವಾರ್ಟರ್‌ಫೈನಲ್ ಮತ್ತೆ ಶೂಟೌಟ್‌ಗೆ ಹೋಯಿತು. ಪಿಕ್‌ಫರ್ಡ್ ಅವರ ನೀರಿನ ಬಾಟಲಿಯ ಮೇಲೆ ಎದುರಾಳಿಗಳಲ್ಲಿ ಯಾರು ಒದ್ದರೆ ಯಾವ ಕಡೆ ಜಿಗಿಯಬೇಕೆಂಬ ಟಿಪ್ಪಣಿ ಅಂಟಿಸಲಾಗಿತ್ತು. ಮೊದಲ ಒದೆತಗಾರ ಅಕಾಂಜಿ ಅವರಿಗೆ ಬರೆದಿದ್ದಂತೆ ಎಡಕ್ಕೆ ಜಿಗಿದರು, ತಡೆದರು. ಇಂಗ್ಲೆಂಡಿನ ಐವರೂ ಗುರಿ ತಪ್ಪಲಿಲ್ಲ. ಮೂರನೆಯವರಾಗಿ ನಡೆದು ಬಂದವರು ಬುಕಾಯೊ ಸಾಕಾ. ವೆಂಬ್ಲಿಯಲ್ಲಿ ತಪ್ಪಿದ ಅದೇ ಹುಡುಗ, ಈಗ 22 ವರ್ಷ. ತುಸು ನಿಂತು, ಓಡಿ ಬಂದು, ಚೆಂಡನ್ನು ಮೂಲೆಗೆ ಸೇರಿಸಿ ನಕ್ಕರು. 2019ರ ನೇಷನ್ಸ್ ಲೀಗ್ ಮೂರನೆಯ ಸ್ಥಾನದ ಪಂದ್ಯವೂ ಸೇರಿ ಸೌತ್‌ಗೇಟ್ ಕಾಲದಲ್ಲಿ ನಡೆದ ನಾಲ್ಕು ಶೂಟೌಟ್‌ಗಳಲ್ಲಿ ಇದು ಮೂರನೆಯ ಗೆಲುವು.

ಸೆಮಿಫೈನಲ್‌ನಲ್ಲಿ ನೆದರ್ಲೆಂಡ್ಸ್ ವಿರುದ್ಧ ಬದಲಿ ಆಟಗಾರ ಓಲಿ ವಾಟ್ಕಿನ್ಸ್ ಕೊನೆಯ ಗಳಿಗೆಯಲ್ಲಿ ಗೆಲುವಿನ ಗೋಲು ಹೊಡೆದರು. ಜುಲೈ 14ರಂದು ಬರ್ಲಿನ್‌ನಲ್ಲಿ ನಡೆದ ಫೈನಲ್‌ನಲ್ಲಿ ಸ್ಪೇನ್ 2-1ರಿಂದ ಗೆದ್ದಿತು. ನಿರ್ಣಾಯಕ ಗೋಲು ಬಂದದ್ದು 86ನೆಯ ನಿಮಿಷದಲ್ಲಿ. ಈ ಬಾರಿ ಪೆನಾಲ್ಟಿಯವರೆಗೂ ಹೋಗಲಿಲ್ಲ. ಎರಡು ದಿನಗಳ ನಂತರ ಸೌತ್‌ಗೇಟ್ ರಾಜೀನಾಮೆ ಪ್ರಕಟಿಸಿದರು. 102 ಪಂದ್ಯಗಳಲ್ಲಿ 61 ಜಯ. 1966ರಲ್ಲಿ ವಿಶ್ವಕಪ್ ಗೆದ್ದ ಆಲ್ಫ್ ರಾಮ್ಸೆ ಅವರನ್ನು ಬಿಟ್ಟರೆ ಇಂಗ್ಲೆಂಡ್ ಪುರುಷರ ತಂಡವನ್ನು ಫೈನಲ್‌ಗೆ ಒಯ್ದ ಮ್ಯಾನೇಜರ್ ಅವರೊಬ್ಬರೇ. 2025ರ ಹೊಸ ವರ್ಷದ ಗೌರವ ಪಟ್ಟಿಯಲ್ಲಿ ಅವರಿಗೆ ನೈಟ್ ಪದವಿ ಪ್ರಕಟವಾಯಿತು.

ತೆರವಾದ ಸ್ಥಾನಕ್ಕೆ ಸಂಸ್ಥೆ 2024ರ ಅಕ್ಟೋಬರ್‌ನಲ್ಲಿ ಥಾಮಸ್ ಟುಕೆಲ್ ಅವರನ್ನು ಆರಿಸಿತು. 2025ರ ಜನವರಿ 1ರಂದು ಅವರು ಅಧಿಕಾರ ವಹಿಸಿಕೊಂಡರು. ಇಂಗ್ಲೆಂಡ್ ತಂಡದ ಹೊಣೆ ಹೊತ್ತ ಮೊದಲ ಜರ್ಮನ್ ಪ್ರಜೆ ಅವರು.